‘ಯಾವಾಗ ಆಡ್ತೀಯ?’ ಅನ್ನುವ ಪ್ರಶ್ನೆಯ ಭಾರ

ಹೋದ ಡಿಸೆಂಬರ್‌ನ ಒಂದು ಭಾನುವಾರ. ಥಾಣೆಯ ಮನೆಯಲ್ಲಿ ತಡವಾಗಿ ತಿಂಡಿ ಮುಗಿಸಿ ಪೇಪರ್ ಹಿಡಿದು ಕೂತಿದ್ದೆ. ಕಲ್ಯಾಣ್‌ನಿಂದ ಅಕ್ಕನ ಫೋನ್ ಬಂತು.

“ಇವನು ಬಿದ್ದನಂತೆ ಕಣೋ. ಕಾಲು ಊರೋಕಾಗ್ತಿಲ್ವಂತೆ. ನಿಮ್ ಭಾವ ಡ್ಯೂಟಿಯಲ್ಲಿದ್ದಾರೆ. ನೀನು ಸ್ವಲ್ಪ ಹೋಗ್ತೀಯಾ?”

‘ಇವನು’ ಅಂದರೆ ಅಕ್ಕನ ಮಗ. 17 ವರ್ಷ, ಹನ್ನೊಂದನೇ ಕ್ಲಾಸು, ಹಾಕಿ ತಂಡದಲ್ಲಿ ಫಾರ್ವರ್ಡ್. ನಾನು ಚರ್ಚ್‌ಗೇಟ್ ತಲುಪುವಷ್ಟರಲ್ಲಿ ಒಂದೂವರೆ ಗಂಟೆ ಆಗಿತ್ತು. ಮೈದಾನದ ಬದಿಯ ಬೆಂಚಿನ ಮೇಲೆ ಕಾಲು ಚಾಚಿ ಕೂತಿದ್ದ. ಮೊಣಕಾಲಿಗೆ ಐಸ್ ಕಟ್ಟಿದ್ದರು. ಅದು ಆಗಲೇ ಸಣ್ಣ ತೆಂಗಿನಕಾಯಿಯಷ್ಟು ಊದಿತ್ತು.

“ಯಾರೂ ಮುಟ್ಟಲಿಲ್ಲ ಮಾವ. ಓಡ್ತಾ ಇದ್ದೆ, ಬಾಲ್ ಹಿಂದೆ ಬಂತು, ತಿರುಗಿದೆ. ಒಳಗಡೆ ‘ಪಟ್’ ಅಂತು.” ಆಮೇಲೆ ನನ್ನ ಮುಖ ನೋಡಿ ಕೇಳಿದ, “ಸೆಪ್ಟೆಂಬರ್ ಟ್ರಯಲ್ಸ್‌ಗೆ ಆಗುತ್ತಲ್ವಾ?”

ಆಗ ನಾನೊಂದು ಮಾತು ಆಡಿದೆ. ಈ ಲೇಖನ ಬರೆಯುತ್ತಿರುವುದು ಆ ಮಾತಿನ ಕಾರಣಕ್ಕೇ. “ಸೆಪ್ಟೆಂಬರ್ ಯಾಕೋ, ಮೂರು ತಿಂಗಳಲ್ಲಿ ಟರ್ಫ್ ಮೇಲಿರ್ತೀಯ. ನಾನು ಹೇಳ್ತೀನಲ್ಲ” ಅಂದೆ.

ಮೊಣಕಾಲಿನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಐರೋಲಿಯ ಆಫೀಸಿನಲ್ಲಿ ನನ್ನ ಕೆಲಸವೇ ಸಾಫ್ಟ್‌ವೇರ್ ಪ್ರಾಜೆಕ್ಟ್‌ಗಳ ದಿನ ಲೆಕ್ಕ ಹಾಕುವುದು. ತೊಂದರೆ ಏನೆಂದು ನೋಡದೆ ಕ್ಲೈಂಟ್‌ಗೆ ದಿನಾಂಕ ಕೊಡಬೇಡಿ ಅಂತ ಹೊಸ ಹುಡುಗರಿಗೆ ನಾನೇ ಪಾಠ ಹೇಳುತ್ತೇನೆ. ಅದೇ ನಾನು, ನೋವಿನಲ್ಲಿ ಕೂತ ಹುಡುಗನಿಗೆ ಎರಡೇ ನಿಮಿಷದಲ್ಲಿ ದಿನಾಂಕ ಕೊಟ್ಟುಬಿಟ್ಟೆ. ಸಮಾಧಾನ ಮಾಡಬೇಕಿತ್ತು, ಸುಲಭವಾಗಿ ಬಾಯಿಗೆ ಬಂದದ್ದು ಅದೇ.

ಕಲ್ಯಾಣ್‌ನಿಂದ ಚರ್ಚ್‌ಗೇಟ್‌ಗೆ

ನಮ್ಮ ಕಡೆಯ ಓದುಗರಿಗೆ ಈ ದಾರಿಯನ್ನು ವಿವರಿಸಬೇಕಾಗಿಲ್ಲ. ಕಲ್ಯಾಣ್‌ನಿಂದ ಸಿಎಸ್‌ಎಂಟಿಗೆ 54 ಕಿಲೋಮೀಟರ್. ಹುಲ್ಲು ಮೈದಾನ, ಮಣ್ಣಿನ ಮೈದಾನ ಎಲ್ಲಿ ಬೇಕಾದರೂ ಸಿಕ್ಕೀತು. ಆದರೆ ದೊಡ್ಡ ಮಟ್ಟದ ಹಾಕಿಯೆಲ್ಲ ಈಗ ಟರ್ಫ್ ಮೇಲೆ. ಚೆಂಡಿನ ವೇಗ ಬೇರೆ, ಬಗ್ಗಿ ಓಡುವ ರೀತಿ ಬೇರೆ. ಟರ್ಫ್ ಅಭ್ಯಾಸ ಇಲ್ಲದ ಹುಡುಗ ಆಯ್ಕೆ ಶಿಬಿರದಲ್ಲಿ ಹತ್ತು ನಿಮಿಷಕ್ಕೇ ಗೊತ್ತಾಗಿಬಿಡುತ್ತಾನೆ. ಹಾಗಾಗಿ ನಮ್ಮ ಹುಡುಗ ವಾರಕ್ಕೆ ಮೂರು ದಿನ ಬೆಳಗ್ಗೆ ಐದಕ್ಕೆ ಮೊದಲೇ ಲೋಕಲ್ ಹತ್ತಿ, ದಾದರ್‌ನಲ್ಲಿ ಇಳಿದು, ಸೇತುವೆ ದಾಟಿ, ವೆಸ್ಟರ್ನ್ ಲೈನ್ ಹಿಡಿದು ಚರ್ಚ್‌ಗೇಟ್ ಬಳಿಯ ಮುಂಬಯಿ ಹಾಕಿ ಅಸೋಸಿಯೇಷನ್‌ನ ಮೈದಾನಕ್ಕೆ ಹೋಗುತ್ತಿದ್ದ. ಆರು ವರ್ಷ ಹಾಕಿ ಆಡಿದ್ದಾನೆ, ಅದರಲ್ಲಿ ಮೂರು ವರ್ಷ ಹೀಗೆ. ಅಕ್ಕ ನಾಲ್ಕು ಗಂಟೆಗೆ ಎದ್ದು ಡಬ್ಬಿ ಕಟ್ಟುತ್ತಿದ್ದಳು. ಭಾವ ತಮ್ಮ ಶಿಫ್ಟ್‌ಗಳನ್ನು ಅವನ ಪಂದ್ಯಗಳಿಗೆ ಹೊಂದಿಸಿಕೊಳ್ಳುತ್ತಿದ್ದರು. ಹಾಕಿ ಸ್ಟಿಕ್, ಶೂ, ಪ್ರವಾಸದ ಖರ್ಚು ಅಂತ ಕೈ ಬಿಗಿಯಾದ ತಿಂಗಳುಗಳೂ ಇದ್ದವು.

ಇಷ್ಟೆಲ್ಲ ಹಾಕಿದ ಮೇಲೆ ಮನೆಯವರಿಗೆ ನಿರೀಕ್ಷೆ ಇರಬಾರದು ಅಂದರೆ ಅದು ಸುಳ್ಳಾಗುತ್ತದೆ. ರೈಲ್ವೆಯಲ್ಲಿ ಕ್ರೀಡಾ ಕೋಟಾ ಇದೆ, ರಾಜ್ಯ ಸರಕಾರದ ನೌಕರಿಗಳಲ್ಲೂ ಆಟಗಾರರಿಗೆ ಮೀಸಲಾತಿ ಇದೆ. ಮಧ್ಯಮ ವರ್ಗದ ಮನೆಯಲ್ಲಿ ಹಾಕಿ ಅಂದರೆ ಬರೀ ಪದಕದ ಕನಸಲ್ಲ, ಒಂದು ಪರ್ಮನೆಂಟ್ ಕೆಲಸದ ಕನಸೂ ಹೌದು.

ಇದರ ಮೇಲೆ ನಮ್ಮದು ಸೋಮವಾರಪೇಟೆ ಕಡೆಯ ಮನೆ. ಕೊಡಗಿನಲ್ಲಿ ಹಾಕಿ ಎಂಥ ಸಂಗತಿ ಅಂತ ಬೇರೆ ಹೇಳಬೇಕೆ? 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ 60 ಕುಟುಂಬ ತಂಡಗಳೊಂದಿಗೆ ಶುರು ಮಾಡಿದ ಕೊಡವ ಹಾಕಿ ಹಬ್ಬದಲ್ಲಿ 2024ರ ಹೊತ್ತಿಗೆ 360 ತಂಡಗಳು ಆಡಿದವು. ನಾವು ಕೊಡವರಲ್ಲ, ಆ ಹಬ್ಬದಲ್ಲಿ ನಮಗೆ ತಂಡವಿಲ್ಲ. ಆದರೆ ಆ ಮಣ್ಣಿನಲ್ಲಿ ಬೆಳೆದವರಿಗೆಲ್ಲ ಹಾಕಿಯ ಹುಚ್ಚು ಸ್ವಲ್ಪವಾದರೂ ಅಂಟಿರುತ್ತದೆ. ಅರ್ಜುನ್ ಹಾಲಪ್ಪ ನಮ್ಮೂರ ಕಡೆಯವರು. ಎಸ್.ವಿ. ಸುನಿಲ್ ಹೆಸರಿನ ಮೊದಲಕ್ಷರದಲ್ಲೇ ಸೋಮವಾರಪೇಟೆ ಇದೆ. ಸುನಿಲ್ ಅವರ ತಂದೆ ಬಡಗಿ ಕೆಲಸ ಮಾಡುತ್ತಿದ್ದವರು. “ಬಡಗಿ ಮಗ ಒಲಿಂಪಿಕ್ಸ್‌ಗೆ ಹೋದ, ನೀನ್ಯಾಕೆ ಹೋಗಬಾರದು?” ಅಂತ ನಮ್ಮಮ್ಮ ಮೊಮ್ಮಗನಿಗೆ ಎಷ್ಟು ಸಲ ಹೇಳಿದ್ದಾರೋ ಲೆಕ್ಕವಿಲ್ಲ.

ಮೊಣಕಾಲಿನೊಳಗಿನ ಲೆಕ್ಕ

ಮನೆ ಹತ್ತಿರದ ಒಬ್ಬ ಡಾಕ್ಟರು ಕಾಲು ಒತ್ತಿ ನೋಡಿ ಉಳುಕು, ಎರಡು ವಾರದ ರೆಸ್ಟ್ ಸಾಕು ಅಂದರು. ಊತ ಇಳಿಯದಿದ್ದಾಗ ಎಂಆರ್‌ಐ ಮಾಡಿಸಿದೆವು. ಎಸಿಎಲ್ ಪೂರ್ತಿ ಹರಿದಿತ್ತು.

ಎಸಿಎಲ್ ಅನ್ನುವುದು ಮೊಣಕಾಲಿನ ನಡುವೆ ಓರೆಯಾಗಿರುವ ಒಂದು ಗಟ್ಟಿ ಅಸ್ಥಿರಜ್ಜು. ಕೆಳಗಿನ ಎಲುಬು ಮುಂದಕ್ಕೆ ಜಾರದಂತೆ, ಕಾಲು ತಿರುಚಿದಾಗ ಕೀಲು ಹದ ತಪ್ಪದಂತೆ ಹಿಡಿದಿಡುವುದು ಅದರ ಕೆಲಸ. ನೇರ ನಡೆಯಲು ಅದು ಅಷ್ಟಾಗಿ ಬೇಕಾಗುವುದಿಲ್ಲ. ಓಡುತ್ತ ಓಡುತ್ತ ಗಕ್ಕನೆ ನಿಂತು ತಿರುಗಲು ಬೇಕು, ಹಾಕಿಯಲ್ಲಿ ಮಾಡುವುದೇ ಅದನ್ನು. ಅದೂ ಸೊಂಟ ಬಗ್ಗಿಸಿ, ಮೊಣಕಾಲು ಮಡಚಿ. ಈ ಗಾಯ ಹೆಚ್ಚಾಗಿ ಆಗುವುದು ಯಾರೂ ಡಿಕ್ಕಿ ಹೊಡೆಯದೇ ಇದ್ದಾಗ. ‘ಪಟ್’ ಅನ್ನುವ ಸದ್ದು, ಕೆಲವೇ ಗಂಟೆಗಳಲ್ಲಿ ಊತ, ಇವೆರಡೂ ಇದ್ದರೆ ಉಳುಕು ಅಂದುಕೊಂಡು ಎಣ್ಣೆ ತಿಕ್ಕಿ ಕೂರಬೇಡಿ.

ಊತ ಇಳಿದು ಕಾಲು ಪೂರ್ತಿ ನೇರವಾಗುವ ತನಕ ಕಾದು, ಜನವರಿ 10ರಂದು ಆಪರೇಷನ್ ಆಯಿತು. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್‌ನಿಂದ ಒಂದು ಎಳೆ ತೆಗೆದು ಹರಿದ ರಜ್ಜುವಿನ ಜಾಗದಲ್ಲಿ ಕೂರಿಸುತ್ತಾರೆ. ಅದಕ್ಕೆ ಗ್ರಾಫ್ಟ್ ಅನ್ನುತ್ತಾರೆ. ಆಪರೇಷನ್ ಮಾಡಿದ ಸರ್ಜನ್ ಅಂದು ಹೇಳಿದ್ದನ್ನು ನಾನು ಅರ್ಧ ಮಾತ್ರ ಕೇಳಿಸಿಕೊಂಡಿದ್ದೆ. ಆಮೇಲೆ ಥಾಣೆಯ ಫಿಸಿಯೊ ಒಬ್ಬರು ಬಿಡಿಸಿ ಹೇಳಿದರು. ಕೂರಿಸಿದ ಗ್ರಾಫ್ಟ್ ಮೊದಲ ಕೆಲವು ತಿಂಗಳಲ್ಲಿ ಗಟ್ಟಿಯಾಗುವುದಿಲ್ಲ, ಇನ್ನೂ ದುರ್ಬಲವಾಗುತ್ತದೆ. ಅದಕ್ಕೆ ಹೊಸ ರಕ್ತನಾಳ ಬೆಳೆಯಬೇಕು, ನಿಧಾನವಾಗಿ ಅದು ರಜ್ಜುವಿನ ಗುಣ ಪಡೆಯಬೇಕು. ಆದರೆ ಹುಡುಗರಿಗೆ ನೋವು ಎರಡು ಮೂರು ತಿಂಗಳಲ್ಲೇ ಹೋಗಿಬಿಡುತ್ತದೆ. ಅಂದರೆ ಕಾಲು ‘ಸರಿಯಾಯ್ತು’ ಅನ್ನಿಸುವ ಹೊತ್ತಿಗೆ ಒಳಗಿನ ರಿಪೇರಿ ತೀರ ಹಸಿಯಾಗಿರುತ್ತದೆ.

ಸಂಶೋಧನೆಗಳ ಅಂಕಿಗಳನ್ನು ನಾನು ಓದಿದ್ದು ತಡವಾಗಿ. ಅಮೆರಿಕದ ಡೆಲವೇರ್ ಮತ್ತು ನಾರ್ವೆಯ ಓಸ್ಲೊದ ಸಂಶೋಧಕರು ಜತೆಯಾಗಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಒಂಬತ್ತನೇ ತಿಂಗಳವರೆಗೆ, ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಷ್ಟೂ ಮತ್ತೆ ಮೊಣಕಾಲಿಗೆ ಗಾಯವಾಗುವ ಪ್ರಮಾಣ ಶೇ 51ರಷ್ಟು ಕಡಿಮೆಯಾಗುತ್ತ ಹೋಯಿತು. ಬಲ ಮತ್ತು ಜಿಗಿತದ ಪರೀಕ್ಷೆಗಳಲ್ಲಿ ಪಾಸಾದ ಮೇಲೆ ಆಡಿದವರಲ್ಲಿ ಶೇ 5.6 ಮಂದಿಗೆ ಮರುಗಾಯವಾದರೆ, ಪಾಸಾಗದೆ ಆಡಿದವರಲ್ಲಿ ಅದು ಶೇ 38.2. ಅದೇ ವರ್ಷ ಬಂದ ಇನ್ನೊಂದು ಪರಿಶೀಲನೆಯ ಪ್ರಕಾರ, 25ರೊಳಗಿನ ವಯಸ್ಸಿನಲ್ಲಿ ಆಟಕ್ಕೆ ಮರಳಿದವರಲ್ಲಿ ಸುಮಾರು ಶೇ 23 ಮಂದಿಗೆ ಅದೇ ಕಾಲು ಇಲ್ಲವೇ ಇನ್ನೊಂದು ಕಾಲಿನ ಎಸಿಎಲ್ ಮತ್ತೆ ಹರಿದಿದೆ. 2014ರ ಒಂದು ದೊಡ್ಡ ವಿಶ್ಲೇಷಣೆಯಲ್ಲಿ, ಆಪರೇಷನ್ ಆದವರಲ್ಲಿ ಶೇ 81 ಮಂದಿ ಯಾವುದಾದರೊಂದು ಆಟಕ್ಕೆ ಮರಳಿದ್ದರು, ಮೊದಲಿನ ಮಟ್ಟಕ್ಕೆ ಮರಳಿದವರು ಶೇ 65, ಸ್ಪರ್ಧಾತ್ಮಕ ಆಟಕ್ಕೆ ಶೇ 55.

ಈ ಅಂಕಿಗಳನ್ನು ಎರಡು ರೀತಿ ಓದಬಹುದು. ಅರ್ಧಕ್ಕಿಂತ ಹೆಚ್ಚು ಜನ ಮರಳುತ್ತಾರೆ. ಅರ್ಧಕ್ಕೆ ಸ್ವಲ್ಪ ಕಡಿಮೆ ಜನ ಮರಳುವುದಿಲ್ಲ. ಹದಿನೇಳರ ಹುಡುಗನಿಗೆ ಇವೆರಡನ್ನೂ ಒಟ್ಟಿಗೆ ಹೇಳುವುದು ಹೇಗೆ ಅನ್ನುವುದೇ ನಮ್ಮ ಕಷ್ಟವಾಗಿತ್ತು.

ಏಪ್ರಿಲ್ 10

ನಾವು ಹೇಳಲೇ ಇಲ್ಲ. ಆದರೆ ನನ್ನ ‘ಮೂರು ತಿಂಗಳು’ ಅವನ ತಲೆಯಲ್ಲಿ ಕೂತಿತ್ತು. ಆಪರೇಷನ್ ದಿನದಿಂದ ಎಣಿಸಿ, ಅಡುಗೆಮನೆಯ ಕ್ಯಾಲೆಂಡರ್‌ನಲ್ಲಿ ಏಪ್ರಿಲ್ 10ಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದ.

ಆ ಮೂರು ತಿಂಗಳಲ್ಲಿ ಮನೆಗೆ ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. ಬಿಲ್ಡಿಂಗಿನ ಮರಾಠಿ ಕಾಕು ಕೇಳಿದರು. ಡೊಂಬಿವಲಿಯಲ್ಲಿ ಸಂಘದ ಕಾರ್ಯಕ್ರಮಕ್ಕೆ ಹೋದಾಗ ಪರಿಚಯದ ಹಿರಿಯರೆಲ್ಲ ಬೆನ್ನು ತಟ್ಟಿ ಕೇಳಿದರು, “ಏನಪ್ಪಾ, ಯಾವಾಗ ಆಡ್ತೀಯ? ನಿನ್ನನ್ನ ಟಿವಿಯಲ್ಲಿ ನೋಡ್ಬೇಕು ನಾವು.” ಊರಿಂದ ಫೋನ್ ಮಾಡಿದವರೂ ಅದನ್ನೇ ಕೇಳಿದರು. ಒಬ್ಬರ ಮಾತಿನಲ್ಲೂ ಕೆಟ್ಟ ಬುದ್ಧಿ ಇರಲಿಲ್ಲ. ಹೊರನಾಡಿನಲ್ಲಿ ನಮ್ಮ ಮಕ್ಕಳು ಅಂದರೆ ಎಲ್ಲರ ಮಕ್ಕಳು. ಆ ಪ್ರೀತಿಗೆ ತೂಕವೂ ಇರುತ್ತದೆ ಅಂತ ನಮಗೆ ಹೊಳೆಯಲಿಲ್ಲ. ಅವನು ನಗುತ್ತ “ಏಪ್ರಿಲ್” ಅನ್ನುತ್ತಿದ್ದ.

ಏಪ್ರಿಲ್ 10 ಬಂತು. ಫಿಸಿಯೊ ಇನ್ನೂ ನೇರ ದಾರಿಯಲ್ಲಿ ಮೆಲ್ಲಗೆ ಓಡಲು ಮಾತ್ರ ಬಿಟ್ಟಿದ್ದರು. ಸ್ಟಿಕ್ ಹಿಡಿದು ತಿರುಗುವುದು ಬೇಡ ಅಂದಿದ್ದರು. ಅವನು ಮನೆಯಲ್ಲಿ ಏನೂ ಹೇಳಲಿಲ್ಲ. ಅದೇ ವಾರ ಒಂದು ರಾತ್ರಿ ಮೊಬೈಲ್‌ನಲ್ಲಿ ಕೊಡಗಿನ ಹಾಕಿ ಹಬ್ಬದ ಪಂದ್ಯದ ವಿಡಿಯೊ ನೋಡುತ್ತ ಕೂತಿದ್ದವನು, ಎಲ್ಲರೂ ಮಲಗಿದ ಮೇಲೆ ಸ್ಟಿಕ್ ತೆಗೆದುಕೊಂಡು ಬಿಲ್ಡಿಂಗಿನ ಪಾರ್ಕಿಂಗ್‌ಗೆ ಇಳಿದ. ಎರಡು ಕಾರುಗಳ ನಡುವೆ ಒಂದು ಗಂಟೆ ಅಭ್ಯಾಸ ಮಾಡಿದ. ಬೆಳಗ್ಗೆ ಮೊಣಕಾಲು ಮತ್ತೆ ಊದಿತ್ತು. “ಬಾತ್‌ರೂಮಲ್ಲಿ ಜಾರಿದೆ” ಅಂತ ಅಕ್ಕನಿಗೆ ಸುಳ್ಳು ಹೇಳಿದ. ನಿಜ ಹೇಳಿದ್ದು ಫಿಸಿಯೊ ಹತ್ತಿರ, ಅದೂ ಎರಡು ದಿನ ಬಿಟ್ಟು.

ಗ್ರಾಫ್ಟ್ ಉಳಿದಿತ್ತು. ಅದು ನಮ್ಮ ಅದೃಷ್ಟ. ಆ ಸಂಜೆ ಅವನನ್ನು ಕರೆದುಕೊಂಡು ಥಾಣೆಯ ತಲಾವ್ ಪಾಳಿಯಲ್ಲಿ ಕೂತೆ. ಬೈಯಬೇಕು ಅಂತ ಹೋಗಿದ್ದೆ.

“ನೀವೇ ಹೇಳಿದ್ರಲ್ಲ ಮಾವ, ಮೂರು ತಿಂಗಳು ಅಂತ. ನಾನು ಎಲ್ರಿಗೂ ಹಾಗೇ ಹೇಳ್ಬಿಟ್ಟಿದ್ದೆ. ಆಗ್ಲಿಲ್ಲ ಅಂದ್ರೆ ನಾನೇ ಸರಿಯಾಗಿ ಎಕ್ಸರ್‌ಸೈಜ್ ಮಾಡಿಲ್ಲ ಅನ್ಕೋತಾರೆ.”

ಬೈಯಲು ನನಗೆ ಬಾಯಿ ಬರಲಿಲ್ಲ. ತಪ್ಪು ಲೆಕ್ಕ ನನ್ನದು, ಅದನ್ನು ಈಡೇರಿಸುವ ಹೊಣೆ ಅವನ ಮೊಣಕಾಲಿನ ಮೇಲೆ ಬಿದ್ದಿತ್ತು. “ತಪ್ಪಾಯ್ತು ಕಣೋ. ನನಗೆ ಗೊತ್ತಿರಲಿಲ್ಲ, ಗೊತ್ತಿರೋ ಹಾಗೆ ಹೇಳ್ದೆ” ಅಂದೆ. ಅವನು ಕೆರೆಯ ದೋಣಿಗಳನ್ನು ನೋಡುತ್ತ ಸುಮ್ಮನೆ ಕೂತಿದ್ದ.

ನಾವು ಹೇಳುವ ಕಥೆಗಳು, ಹೇಳದ ಕಥೆಗಳು

ಗಾಯಗೊಂಡ ಹಾಕಿ ಹುಡುಗನಿಗೆ ಎಲ್ಲರೂ ಹೇಳುವುದು ಸಂದೀಪ್ ಸಿಂಗ್ ಕಥೆ. 2006ರ ಆಗಸ್ಟ್‌ನಲ್ಲಿ, ವಿಶ್ವಕಪ್‌ಗೆ ಹೊರಟ ತಂಡವನ್ನು ಸೇರಲು ಶತಾಬ್ದಿ ರೈಲಿನಲ್ಲಿ ಬರುತ್ತಿದ್ದಾಗ ಭದ್ರತಾ ಸಿಬ್ಬಂದಿಯೊಬ್ಬರ ಬಂದೂಕಿನಿಂದ ಆಕಸ್ಮಿಕವಾಗಿ ಹಾರಿದ ಗುಂಡು ಅವರಿಗೆ ತಗುಲಿತು. ಆಗ ಅವರಿಗೆ 20 ವರ್ಷ. ವೀಲ್‌ಚೇರ್ ಹಿಡಿದವರು 2008ರಲ್ಲಿ ಭಾರತ ತಂಡಕ್ಕೆ ಮರಳಿದರು. 2009ರಲ್ಲಿ ಅವರ ನಾಯಕತ್ವದಲ್ಲಿ ಭಾರತ ಅಜ್ಲಾನ್ ಶಾ ಕಪ್ ಗೆದ್ದಿತು. 2012ರ ಒಲಿಂಪಿಕ್ ಅರ್ಹತಾ ಪಂದ್ಯಾವಳಿಯಲ್ಲಿ 16 ಗೋಲು ಹೊಡೆದರು. ಅವರ ಮೇಲೆ ಸಿನಿಮಾ ಕೂಡ ಬಂತು. ನಮ್ಮ ಹುಡುಗನಿಗೆ ಆ ಸಿನಿಮಾ ತೋರಿಸಿದ್ದೂ ನಾನೇ.

ಅದು ನಿಜವಾದ ಕಥೆ. ಆದರೆ ಅದೊಂದೇ ನಿಜವಲ್ಲ.

ಅದಕ್ಕೂ ಮೂರು ವರ್ಷ ಮೊದಲು ಜುಗರಾಜ್ ಸಿಂಗ್ ಇದ್ದರು. 2001ರಲ್ಲಿ ಹೋಬಾರ್ಟ್‌ನಲ್ಲಿ ಜೂನಿಯರ್ ವಿಶ್ವಕಪ್ ಗೆದ್ದ ತಂಡದವರು, ಆ ಕಾಲದ ಭಾರತದ ದೊಡ್ಡ ಡ್ರ್ಯಾಗ್ ಫ್ಲಿಕ್ ಭರವಸೆ. 2003ರ ಸೆಪ್ಟೆಂಬರ್‌ನಲ್ಲಿ, 20ನೇ ವಯಸ್ಸಿನಲ್ಲಿ, ಕಾರು ಅಪಘಾತವಾಯಿತು. ಮರಳಲು ಪ್ರಯತ್ನಪಟ್ಟರು. ಭಾರತ ತಂಡದಲ್ಲಿ ಹಿಂದಿನ ಸ್ಥಾನ ಮತ್ತೆ ಸಿಗಲಿಲ್ಲ. ಅವರ ಶ್ರಮ ಕಡಿಮೆಯಾಗಿತ್ತು ಅಂತ ಹೇಳುವ ಧೈರ್ಯ ಯಾರಿಗಿದೆ? ಮುಂದೆ ಅವರು ಕೋಚ್ ಆಗಿ, ಭಾರತ ತಂಡದ ಹುಡುಗರಿಗೆ ಡ್ರ್ಯಾಗ್ ಫ್ಲಿಕ್ ಕಲಿಸಿದರು. ಇಬ್ಬರಿಗೂ ಇಪ್ಪತ್ತೇ ವರ್ಷ, ಇಬ್ಬರೂ ಗಟ್ಟಿಗರು. ಒಬ್ಬರ ದೇಹ ಒಪ್ಪಿತು, ಇನ್ನೊಬ್ಬರದು ಒಪ್ಪಲಿಲ್ಲ.

ಇವೆರಡರ ನಡುವಿನ ಕಥೆಗಳೂ ಇವೆ. ರಮಣದೀಪ್ ಸಿಂಗ್ 2018ರ ಜೂನ್‌ನಲ್ಲಿ ನೆದರ್ಲೆಂಡ್ಸ್‌ನ ಬ್ರೆಡಾದಲ್ಲಿ ಚಾಂಪಿಯನ್ಸ್ ಟ್ರೋಫಿ ಆಡುವಾಗ ಮೊಣಕಾಲಿಗೆ ಗಾಯ ಮಾಡಿಕೊಂಡರು. ಭಾರತ ತಂಡದೊಂದಿಗೆ ಮತ್ತೆ ಆಡಿದ್ದು 2019ರ ಜೂನ್‌ನಲ್ಲಿ. ರಾಷ್ಟ್ರೀಯ ತಂಡದ ಡಾಕ್ಟರು, ಫಿಸಿಯೊ ಎಲ್ಲ ಇದ್ದೂ ಒಂದು ವರ್ಷ. ಮಧ್ಯಪ್ರದೇಶದ ವಿವೇಕ್ ಸಾಗರ್ ಪ್ರಸಾದ್ 2015ರಲ್ಲಿ, ಹದಿನೈದರ ವಯಸ್ಸಿನಲ್ಲಿ, ಕಾಲರ್ ಬೋನ್ ಮುರಿದುಕೊಂಡರು. ಗಾಯ ಬಿಗಡಾಯಿಸಿ ಆಸ್ಪತ್ರೆಯಲ್ಲಿ ಜೀವಕ್ಕೇ ಅಪಾಯವಾಗಿತ್ತು. 2018ರ ಜನವರಿಯಲ್ಲಿ ನ್ಯೂಜಿಲೆಂಡ್‌ನಲ್ಲಿ ಭಾರತದ ಪರ ಮೊದಲ ಪಂದ್ಯ ಆಡಿದಾಗ ಅವರಿಗಿನ್ನೂ 18 ತುಂಬಿರಲಿಲ್ಲ. ಟೋಕಿಯೊದಲ್ಲಿ ಕಂಚು ಗೆದ್ದ ತಂಡದಲ್ಲೂ ಇದ್ದರು.

ನಮ್ಮ ಸುನಿಲ್ ಕಥೆ ಇವೆಲ್ಲಕ್ಕಿಂತ ಬೇರೆ. 2018ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಶಿಬಿರದಲ್ಲಿ ಮೊಣಕಾಲಿಗೆ ಗಾಯವಾಯಿತು. ಭುವನೇಶ್ವರದಲ್ಲಿ, ನಮ್ಮದೇ ನೆಲದಲ್ಲಿ ನಡೆದ ವಿಶ್ವಕಪ್ ತಪ್ಪಿತು. 2019ರಲ್ಲಿ ಮರಳಿದರು, ನವೆಂಬರ್‌ನಲ್ಲಿ ರಷ್ಯಾವನ್ನು ಸೋಲಿಸಿ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದ ತಂಡದಲ್ಲಿದ್ದರು. ಆದರೆ ಆ ಒಲಿಂಪಿಕ್ಸ್ ತಂಡಕ್ಕೆ ಆಯ್ಕೆಯಾಗಲಿಲ್ಲ. 41 ವರ್ಷಗಳ ನಂತರ ಪದಕ ಬಂದಾಗ ಅವರು ಮೈದಾನದ ಹೊರಗಿದ್ದರು. 2021ರ ಅಕ್ಟೋಬರ್‌ನಲ್ಲಿ, 264 ಪಂದ್ಯ ಮತ್ತು 72 ಗೋಲುಗಳ ನಂತರ, ನಿವೃತ್ತಿ ಹೇಳಿದರು. ಮರುವರ್ಷ ಯುವಕರ ತಂಡವೊಂದಕ್ಕೆ ಅನುಭವಿಗಳು ಬೇಕಾದಾಗ ಮತ್ತೆ ಬಂದು, ಜಕಾರ್ತಾದ ಏಷ್ಯಾ ಕಪ್‌ನಲ್ಲಿ ಉಪನಾಯಕರಾಗಿ ಕಂಚು ಗೆದ್ದರು.

ಈ ಎಲ್ಲ ಕಥೆಗಳನ್ನೂ ಅವನ ಮುಂದಿಟ್ಟೆ. ಜುಗರಾಜ್ ಕಥೆ ಹೇಳುವಾಗ ಅಕ್ಕ ಅಡುಗೆಮನೆಯಿಂದ ಕಣ್ಣು ಬಿಟ್ಟಳು, ‘ಇದೆಲ್ಲ ಯಾಕೆ ಹೇಳ್ತೀಯ’ ಅನ್ನುವಂತೆ. ಆದರೆ ಹುಡುಗ ಹೆಚ್ಚು ಪ್ರಶ್ನೆ ಕೇಳಿದ್ದು ಜುಗರಾಜ್ ಬಗ್ಗೆಯೇ. ಅವರು ಈಗ ಏನು ಮಾಡುತ್ತಾರೆ, ಕೋಚ್ ಆಗಲು ಏನು ಓದಬೇಕು ಅಂತೆಲ್ಲ ವಿಚಾರಿಸಿದ. ಆ ಭಯ ಅವನೊಳಗೆ ಮೊದಲೇ ಇತ್ತು. ಮಾತನಾಡಲು ಮನೆಯಲ್ಲಿ ಜಾಗ ಇರಲಿಲ್ಲ, ಅಷ್ಟೇ.

ದಿನಾಂಕದ ಬದಲು ಮೆಟ್ಟಿಲು

ಕ್ಯಾಲೆಂಡರ್‌ನಲ್ಲಿ ಸುತ್ತು ಹಾಕುವುದನ್ನು ಬಿಟ್ಟೆವು. ಫಿಸಿಯೊ ಒಂದು ಪಟ್ಟಿ ಕೊಟ್ಟರು. ತಾರೀಕುಗಳಿರಲಿಲ್ಲ, ಕೆಲಸಗಳಿದ್ದವು. ಕಾಲು ಪೂರ್ತಿ ನೇರವಾಗಬೇಕು. ವ್ಯಾಯಾಮದ ಮರುದಿನ ಊತ ಇರಬಾರದು. ಗಾಯದ ಕಾಲಿನ ತೊಡೆಯ ಬಲ ಇನ್ನೊಂದು ಕಾಲಿನ ಶೇ 90ಕ್ಕೆ ಬರಬೇಕು. ಒಂಟಿ ಕಾಲಿನ ಜಿಗಿತವೂ ಹಾಗೇ. ಆಮೇಲೆ ನೇರ ಓಟ, ಆಮೇಲೆ ತಿರುವು, ಆಮೇಲೆ ಸ್ಟಿಕ್, ಆಮೇಲೆ ತಂಡದ ಜತೆ ಅಭ್ಯಾಸ, ಕಡೆಗೆ ಪಂದ್ಯ. ಒಂದು ಮೆಟ್ಟಿಲು ಮುಗಿಯದೆ ಇನ್ನೊಂದಿಲ್ಲ. ಎಲ್ಲ ಮುಗಿದರೂ ಒಂಬತ್ತು ತಿಂಗಳಿಗೆ ಮೊದಲು ಪಂದ್ಯವಿಲ್ಲ. ‘ಆ ತಿರುವು ಮತ್ತೆ ತೆಗೆದುಕೊಳ್ಳಲು ಭಯವಾಗುತ್ತದೆಯೇ’ ಅನ್ನುವಂಥ ಪ್ರಶ್ನೆಗಳೂ ಪಟ್ಟಿಯಲ್ಲಿದ್ದವು. ಮನಸ್ಸು ಸಿದ್ಧವಾಗಿದೆಯೇ ಅನ್ನುವುದಕ್ಕೂ ಅಳತೆ ಇದೆ.

ಪಟ್ಟಿಗೆ ಅವನೇ ಒಂದು ಸಾಲು ಸೇರಿಸಿದ. ಬೆಳಗಿನ ಗದ್ದಲದಲ್ಲಿ ಕಿಟ್ ಬ್ಯಾಗ್ ಹೊತ್ತು ದಾದರ್ ಸೇತುವೆಯ ಮೆಟ್ಟಿಲನ್ನು ಕಂಬಿ ಹಿಡಿಯದೆ ಇಳಿಯುವುದು. ಫಿಸಿಯೊ ನಕ್ಕು, ಇದು ನನ್ನ ಪರೀಕ್ಷೆಗಳಿಗಿಂತ ಕಷ್ಟ ಅಂದರು. ಜೂನ್ ಕೊನೆಗೆ ಅದು ಆಯಿತು. ಅಂದು ಮನೆಯಲ್ಲಿ ಪಾಯಸ ಮಾಡಿದರು.

ಬಂಧುಗಳಿಗೆ, ಸಂಘದ ಹಿರಿಯರಿಗೆ ಹೇಳುವ ಕೆಲಸವನ್ನು ನಾನು ವಹಿಸಿಕೊಂಡೆ. ‘ಯಾವಾಗ ಆಡ್ತಾನೆ?’ ಅಂದರೆ ‘ಡಾಕ್ಟರ್‌ಗೂ ಗೊತ್ತಿಲ್ಲ, ಈಗ ಓಡ್ತಾ ಇದ್ದಾನೆ’ ಅನ್ನುವುದು ಒಂದೇ ಉತ್ತರ. ಅಮ್ಮನಿಗೆ ಇದು ಒಪ್ಪಿಗೆಯಾಗಲು ಹೊತ್ತು ಹಿಡಿಯಿತು. ಒಂದು ದಿನ ಮಾತ್ರ ಫೋನಿನಲ್ಲಿ ಹಾಕಿಯ ಸುದ್ದಿಯನ್ನೇ ಎತ್ತದೆ, “ಮಗು, ಊಟ ಸರಿಯಾಗಿ ಮಾಡ್ತಿದ್ದೀಯಾ?” ಅಂತಷ್ಟೇ ಕೇಳಿ ಇಟ್ಟರಂತೆ. “ಅಜ್ಜಿ ಇವತ್ತು ಎಷ್ಟು ಚೆನ್ನಾಗಿ ಮಾತಾಡಿದ್ರು ಗೊತ್ತಾ” ಅಂತ ಅವನು ನನಗೆ ಹೇಳಿದ.

ಓದಿನ ಮಾತನ್ನೂ ಎತ್ತಿದೆವು, ಹುಷಾರಾಗಿ. ಗಾಯವಾದಾಗಲೇ ‘ಇನ್ನು ಓದಿನ ಕಡೆ ಗಮನ ಕೊಡು’ ಅಂದರೆ ಹಾಕಿ ಮುಗಿಯಿತು ಅಂತ ಹೇಳಿದ ಹಾಗಾಗುತ್ತದೆ. ಬಾಂದ್ರಾದ ಶಾಲೆಯಲ್ಲಿ ಹಾಕಿ ಕಲಿತು ಭಾರತದ ನಾಯಕರಾದ ವಿರೇನ್ ರಸ್ಕಿನ್ಹಾ 2008ರಲ್ಲಿ 27ನೇ ವಯಸ್ಸಿಗೇ ಆಟ ಬಿಟ್ಟು ಹೈದರಾಬಾದಿನಲ್ಲಿ ಎಂಬಿಎ ಓದಿದರು. ಇವತ್ತು ಒಲಿಂಪಿಕ್ ಗೋಲ್ಡ್ ಕ್ವೆಸ್ಟ್ ಸಂಸ್ಥೆಯ ಮೂಲಕ ಎಷ್ಟೋ ಆಟಗಾರರ ಬೆನ್ನಿಗಿದ್ದಾರೆ. ಹಾಕಿ ಚೆನ್ನಾಗಿ ನಡೆದರೂ ಮೂವತ್ತರ ಆಸುಪಾಸಿನಲ್ಲಿ ಮುಗಿಯುವ ಕೆಲಸ. ಹನ್ನೆರಡನೇ ಕ್ಲಾಸು ಗಾಯವಾಗದ ಹುಡುಗನಿಗೂ ಬೇಕಾದದ್ದೇ. ಹಾಗೆ ಹೇಳಿದಾಗ ಅವನಿಗೆ ಅದು ಶಿಕ್ಷೆ ಅನ್ನಿಸಲಿಲ್ಲ.

ಇನ್ನೊಂದು ಮನೆಯಲ್ಲಿ ಹೀಗಾದರೆ

ನಮ್ಮ ನಾಲ್ಕೂರುಗಳಲ್ಲಿ ಫುಟ್‌ಬಾಲ್, ಕಬಡ್ಡಿ, ಬ್ಯಾಡ್ಮಿಂಟನ್, ಖೋ ಖೋ ಆಡುವ ಕನ್ನಡದ ಮಕ್ಕಳು ಬಹಳ ಇದ್ದಾರೆ. ನಾವು ಎಡವಿ ಕಲಿತ ಕೆಲವು ಮಾತುಗಳು ಅವರ ಮನೆಯವರಿಗೆ ಉಪಯೋಗಕ್ಕೆ ಬರಬಹುದು.

ಎಂಆರ್‌ಐ ವರದಿ ಕೈಗೆ ಬರುವ ಮೊದಲು ಯಾರೂ ದಿನಾಂಕ ಹೇಳಬೇಡಿ. ಸಮಾಧಾನಕ್ಕೆ ‘ನಿನ್ನ ಜತೆ ಇರ್ತೀವಿ’ ಅನ್ನುವುದು ಸಾಕು. ಆ ಮಾತನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ.

ಡಾಕ್ಟರ ಹತ್ತಿರ ‘ಯಾವಾಗ’ ಅಂತ ಕೇಳುವ ಬದಲು ‘ಏನೇನು ಆದ ಮೇಲೆ’ ಅಂತ ಕೇಳಿ, ಉತ್ತರ ಬರೆದುಕೊಳ್ಳಿ. ಹುಡುಗ ಅಥವಾ ಹುಡುಗಿ ಎದುರಿಗಿರಲಿ. ಇನ್ನೂ ಎತ್ತರ ಬೆಳೆಯುತ್ತಿರುವ ಚಿಕ್ಕ ಮಕ್ಕಳಾದರೆ ಎಲುಬಿನ ಬೆಳವಣಿಗೆಯ ತುದಿಗಳಿಗೆ ಏಟಾಗದಂತೆ ಆಪರೇಷನ್ ಮಾಡಬೇಕಾಗುತ್ತದೆ, ಅದರ ಅನುಭವ ಇರುವವರನ್ನೇ ಹುಡುಕಿ. ಹೆಣ್ಣುಮಕ್ಕಳಲ್ಲಿ ಎಸಿಎಲ್ ಗಾಯ ಗಂಡುಮಕ್ಕಳಿಗಿಂತ ಹೆಚ್ಚು, ಅವರ ನೋವಿನ ಮಾತನ್ನು ತಳ್ಳಿಹಾಕಬೇಡಿ.

ತಂಡದಿಂದ ದೂರ ಇಡಬೇಡಿ. ಆಡಲಾಗದಿದ್ದರೂ ಸ್ಕೋರ್ ಬರೆಯಲಿ, ವಿಡಿಯೊ ತೆಗೆಯಲಿ. ಮನೆಯಲ್ಲಿ ಒಬ್ಬನೇ ಕೂತ ಹುಡುಗ ರಾತ್ರಿ ಪಾರ್ಕಿಂಗ್‌ಗೆ ಇಳಿಯುತ್ತಾನೆ.

ಕೊನೆಯದಾಗಿ, ನಿಮ್ಮ ನಿರೀಕ್ಷೆಯನ್ನು ಮೊದಲು ನೀವೇ ನೋಡಿಕೊಳ್ಳಿ. ಭಾವ ಒಂದು ರಾತ್ರಿ ನನ್ನ ಹತ್ತಿರ ಹೇಳಿದರು, “ಅವನು ಆಡದೇ ಹೋದ್ರೆ ನನಗೆ ಬೇಜಾರಾಗುತ್ತೆ ಕಣಪ್ಪ. ಆದ್ರೆ ಅದು ನನ್ನ ಬೇಜಾರು, ಅವನು ಹೊರಬಾರದು.” ಇಷ್ಟು ಹೇಳಲು ಅವರಿಗೆ ಆರು ತಿಂಗಳು ಬೇಕಾಯಿತು.

ಸೆಪ್ಟೆಂಬರ್

ಸೆಪ್ಟೆಂಬರ್ ಟ್ರಯಲ್ಸ್ ಬಂತು, ಹೋಯಿತು. ಎಂಟು ತಿಂಗಳಾಗಿತ್ತು. ಆ ವಾರದ ಪರೀಕ್ಷೆಯಲ್ಲಿ ಅವನ ಒಂಟಿ ಕಾಲಿನ ಜಿಗಿತ ಶೇ 82. ಫಿಸಿಯೊ ಕಾಗದ ಅವನ ಕೈಗೇ ಕೊಟ್ಟರು. ಮನೆಗೆ ಬಂದು ಊಟ ಮುಗಿಸಿ, “ನಾನು ಹೆಸರು ಕೊಡಲ್ಲ” ಅಂದ. ಆ ರಾತ್ರಿ ಅತ್ತಿದ್ದಾನೆ, ಅಕ್ಕನಿಗೆ ಕೇಳಿಸಿದೆ. ಬಾಗಿಲು ತಟ್ಟಲಿಲ್ಲ.

ಟ್ರಯಲ್ಸ್ ದಿನ ತಂಡದ ಹುಡುಗರ ಜತೆ ಹೋಗಿ, ಬದಿಯಲ್ಲಿ ಕೂತು ಗೆಳೆಯರ ಆಟದ ವಿಡಿಯೊ ತೆಗೆದ. ಜೂನಿಯರ್ ವಯೋಮಿತಿಯಲ್ಲಿ ಅವನಿಗೆ ಇನ್ನೂ ಅವಕಾಶವಿದೆ, ಆದರೆ ಒಂದು ವರ್ಷ ಹೋಯಿತು ಅನ್ನುವುದೂ ನಿಜ. ಮುಂದೆ ಆಡುತ್ತಾನೋ ಇಲ್ಲವೋ, ಆಡಿದರೂ ಮೊದಲಿನ ಆ ತಿರುವು ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನುವುದನ್ನು ಅವನ ಎದುರಿಗೇ ಹೇಳಲು ಈಗ ಕಲಿತಿದ್ದೇನೆ.

ಹೋದ ವಾರ ಡೊಂಬಿವಲಿಯಲ್ಲಿ ಒಂದು ಮದುವೆ ಊಟದ ಪಂಕ್ತಿಯಲ್ಲಿ ಹಿರಿಯರೊಬ್ಬರು ಮತ್ತೆ ಕೇಳಿಯೇಬಿಟ್ಟರು, “ಏನಪ್ಪಾ, ಯಾವಾಗ ಆಡ್ತೀಯ?” ಉತ್ತರ ಕೊಡಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವನೇ ಹೇಳಿದ, “ಗೊತ್ತಿಲ್ಲ ಅಂಕಲ್. ಈಗ ಸ್ಟಿಕ್ ಹಿಡಿದು ತಿರುಗೋದು ಶುರು ಮಾಡಿದ್ದೀನಿ.” ಆಮೇಲೆ ಬಡಿಸುವವರನ್ನು ಕರೆದು ಇನ್ನೊಂದು ಹೋಳಿಗೆ ಹಾಕಿಸಿಕೊಂಡ.